ಕ್ಯಾಮೆರಾದ ಮುಂದಿನ ಪ್ರಬೋಧಕ

ಇಂದು ದೂರದರ್ಶನದ ವಾಹಿನಿಗಳಲ್ಲಿ ಧರ್ಮೋಪದೇಶಕ್ಕೆ ಬರವಿಲ್ಲ. ಆದರೆ ಅನ್ಯಧರ್ಮದ ನೆರೆಯವರು ಪಕ್ಕದಲ್ಲೇ ಕುಳಿತಿದ್ದರೆ ಅದನ್ನು ನಾವು ಸಂಕೋಚವಿಲ್ಲದೆ ಕೇಳಬಲ್ಲೆವೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಅಮೆರಿಕದ ಧರ್ಮಾಧ್ಯಕ್ಷ ಫುಲ್ಟನ್ ಶೀನ್ ಅವರ 'ಲೈಫ್ ಈಸ್ ವರ್ತ್ ಲಿವಿಂಗ್' ಕಾರ್ಯಕ್ರಮವನ್ನು ಪರಾಮರ್ಶಿಸುವುದು ಉಚಿತ.

1952ರ ಫೆಬ್ರವರಿಯಲ್ಲಿ ಡ್ಯೂಮಾಂಟ್ ಜಾಲದಲ್ಲಿ ಆರಂಭವಾದ ಈ ಉಪನ್ಯಾಸಮಾಲೆ 1955ರಲ್ಲಿ ಎಬಿಸಿ ಜಾಲವನ್ನು ಸೇರಿ 1957ರವರೆಗೆ ನಡೆಯಿತು. ಆರಂಭದಲ್ಲಿ ಅದರ ಪ್ರಸಾರ ಮಂಗಳವಾರ ರಾತ್ರಿ, ಜನಪ್ರಿಯ ಹಾಸ್ಯನಟ ಮಿಲ್ಟನ್ ಬರ್ಲ್ ಅವರ ಕಾರ್ಯಕ್ರಮದ ವೇಳೆಯಲ್ಲೇ. ರಂಗದ ಮೇಲೆ ಇದ್ದದ್ದು ಒಂದು ಕಪ್ಪುಹಲಗೆ, ಸೀಮೆಸುಣ್ಣ, ಟಿಪ್ಪಣಿಯಿಲ್ಲದೆ ಮಾತನಾಡುವ ಒಬ್ಬ ಧರ್ಮಾಧ್ಯಕ್ಷ. ಇಷ್ಟಕ್ಕೇ 1953ರಲ್ಲಿ ಎಮ್ಮಿ ಪ್ರಶಸ್ತಿ ಒಲಿದು ಬಂತು.

ಕಥೋಲಿಕರಷ್ಟೇ ಅಲ್ಲ, ಪ್ರೊಟೆಸ್ಟೆಂಟರೂ ಯೆಹೂದ್ಯರೂ ಅವರಿಗೆ ಕಿವಿಗೊಟ್ಟರು. ಅದಕ್ಕೆ ಕಾರಣ ವಾಕ್ಚಾತುರ್ಯ ಮಾತ್ರವಲ್ಲ. ಭಯ, ನೋವು, ಪ್ರೀತಿ, ದಾಂಪತ್ಯ ಮುಂತಾದ ಎಲ್ಲರ ಅನುಭವಗಳಿಂದ ಮಾತು ಆರಂಭಿಸಿ ಅವರು ದೇವರೆಡೆಗೆ ಸಾಗುತ್ತಿದ್ದರು. ಕಮ್ಯುನಿಸಮ್ಮಿನ ವಿಷಯದಲ್ಲಿ ಅವರದು ಕಟುವಾದ ನುಡಿ, ನಿಜ. ಆದರೆ ನೆರೆಯವರ ಆರಾಧನೆಯನ್ನು ಹೀಗಳೆದು ತಮ್ಮ ವಿಶ್ವಾಸವನ್ನು ಎತ್ತಿ ಹಿಡಿಯುವುದು ಅವರ ಮಾರ್ಗವಾಗಿರಲಿಲ್ಲ.

ಆದರೂ ಒಂದು ಕೊರತೆ ಉಳಿಯುತ್ತದೆ. ಅವರು ಎಲ್ಲರೊಡನೆ ಮಾತನಾಡಿದರು. ಆ ರಂಗದ ಮೇಲೆ ಅವರೊಡನೆ ಮಾತನಾಡಲು ಯಾರಿಗೂ ಎಡೆಯಿರಲಿಲ್ಲ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ತನ್ನ 'ನೋಸ್ತ್ರಾ ಏತಾತೆ' ಘೋಷಣೆಯಲ್ಲಿ ಅನ್ಯಧರ್ಮೀಯರೊಡನೆ ಸಂವಾದಕ್ಕೆ ಕರೆಯಿತ್ತಿತು. ಕೇಳಿಸಿಕೊಳ್ಳುವವನಿಗೆ ಮರುನುಡಿಯುವ ಅವಕಾಶವಿಲ್ಲದಿದ್ದರೆ ಉಪದೇಶ ಉಪದೇಶವಾಗಿಯೇ ಉಳಿಯುತ್ತದೆ, ಸಂವಾದವಾಗದು.

ಇದು ಪರರ ಮೇಲಿನ ದೂರಲ್ಲ. 2020ರಲ್ಲಿ ದೇವಾಲಯಗಳು ಮುಚ್ಚಿದ್ದಾಗ ನಾನೂ ಬರಿದಾದ ಆಸನಗಳ ನಡುವೆ ಕ್ಯಾಮೆರಾ ನೋಡುತ್ತಾ ಪ್ರಬೋಧನೆ ಮಾಡಿದವನೇ. ಯಾರೂ ಹುಬ್ಬು ಗಂಟಿಕ್ಕಲಿಲ್ಲ, ಯಾರೂ ಆಕಳಿಸಲಿಲ್ಲ. ಆ ಸೌಕರ್ಯ ಕೆಲವೇ ವಾರಗಳಲ್ಲಿ ನನಗೆ ಹಿತವೆನಿಸತೊಡಗಿತು. ಅದನ್ನು ನೆನೆದರೆ ಈಗಲೂ ಅಂಜಿಕೆಯಾಗುತ್ತದೆ.

ಸಮಾರಿಯದ ಬಾವಿಯ ಬಳಿ ಪ್ರಭು ಯೇಸು ಮೊದಲು ನೀರು ಬೇಡಿದರು. ಆ ಸ್ತ್ರೀ ಪ್ರಶ್ನಿಸಿದಳು, ವಾದಿಸಿದಳು, ಬೆಟ್ಟದ ಮೇಲಿನ ತನ್ನ ಪೂರ್ವಜರ ಆರಾಧನೆಯನ್ನು ಮುಂದಿಟ್ಟಳು. ಪ್ರಭು ಅವಳ ಮಾತನ್ನು ತಡೆಯಲಿಲ್ಲ. ವಾಚಕರೇ, ನಿಮ್ಮ ಮನೆಗೆ ಬರುವ ಪ್ರಬೋಧಕರನ್ನು ಈ ಬಾವಿಕಟ್ಟೆಯ ಮೇಲೆ ಕೂರಿಸಿ ನೋಡಿ. ನೆರೆಯವರ ಕೈಯಿಂದ ನೀರು ಬೇಡಬಲ್ಲವರು ಅವರಲ್ಲಿ ಯಾರು? ನಮ್ಮ ಬಲಿಪೀಠಗಳಿಂದ ಮಾತನಾಡುವ ನಮ್ಮನ್ನೂ ಹಾಗೆಯೇ ಪರೀಕ್ಷಿಸಿರಿ.