ಪಟ್ಟಿಯಲ್ಲಿಲ್ಲದ್ದನ್ನು ಹುಡುಕುವವರು ಯಾರು?

ಮಾಹಿತಿ ತಂತ್ರಜ್ಞಾನವನ್ನು ಬಳಸಿದರೆ ತೋಟಗಾರಿಕೆ ಉದ್ಯಮವು ಬದಲಾಗುವ ಮಾರುಕಟ್ಟೆಗೆ ಬೇಗ ಹೊಂದಿಕೊಳ್ಳುತ್ತದೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಇದಕ್ಕೆ ನಮ್ಮ ದೇಶದಲ್ಲಿ ಆಗಾಗ ಕೊಡುವ ಉದಾಹರಣೆ ಗ್ರೇಪ್‌ನೆಟ್. ಉದಾಹರಣೆ ಒಳ್ಳೆಯದೇ. ಆದರೆ ಅದನ್ನು ಹೊಗಳುವವರು 2010ರ ಹಂಗಾಮಿನ ಪುಟವನ್ನು ಮಗುಚಿ ಮುಂದೆ ಸಾಗುತ್ತಾರೆ. ವಿಜ್ಞಾನದ ವಿದ್ಯಾರ್ಥಿ ನಿಂತು ಓದಬೇಕಾದ ಪುಟ ಅದೇ.

2003ರಲ್ಲಿ ನೆದರ್ಲೆಂಡ್ಸ್‌ಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಮೆಥೊಮಿಲ್ ಎಂಬ ಕೀಟನಾಶಕದ ಶೇಷ ಮಿತಿ ಮೀರಿದ್ದು ಪತ್ತೆಯಾಯಿತು. ಆ ಹಣ್ಣು ಯಾವ ತೋಟದ್ದೆಂದು ಹೇಳಲು ದಾಖಲೆ ಇಲ್ಲದಿದ್ದರೆ ಶಿಕ್ಷೆ ಎಲ್ಲ ಬೆಳೆಗಾರರಿಗೂ ತಟ್ಟುತ್ತದೆ. ಈ ಕೊರತೆಯನ್ನು ತುಂಬಲು ಕೃಷಿ ಉತ್ಪನ್ನಗಳ ರಫ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಅಪೇಡಾ, 2006ರಲ್ಲಿ ಗ್ರೇಪ್‌ನೆಟ್ ಆರಂಭಿಸಿತು. ಇದರಲ್ಲಿ ಪ್ರತಿ ತೋಟಕ್ಕೂ ಒಂದು ನೋಂದಣಿ ಸಂಖ್ಯೆ ಇರುತ್ತದೆ. ಕೊಯ್ಲಿಗೆ ಮುನ್ನ ಪ್ರಯೋಗಾಲಯದವರು ಮಾದರಿ ತೆಗೆದು ಪರೀಕ್ಷಿಸಿ ಫಲಿತಾಂಶವನ್ನು ನೇರವಾಗಿ ಜಾಲಕ್ಕೆ ಸೇರಿಸುತ್ತಾರೆ. ಶೇಷ ಮಿತಿ ಮೀರಿದ್ದರೆ ಆ ತೋಟದ ಹಣ್ಣಿಗೆ ಮುಂದಿನ ಪ್ರಮಾಣಪತ್ರ ಸಿಗುವುದಿಲ್ಲ. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಪ್ರಯೋಗಾಲಯ ಇಡೀ ಪರೀಕ್ಷಾ ಕಾರ್ಯದ ಮೇಲ್ವಿಚಾರಣೆ ನೋಡಿಕೊಳ್ಳುತ್ತದೆ. ನಾಸಿಕ, ಸಾಂಗ್ಲಿಗಳಂತೆ ನಮ್ಮ ವಿಜಯಪುರದ ತೋಟಗಳೂ ಇದರಲ್ಲಿ ಸೇರಿವೆ.

ಈಗ 2010ಕ್ಕೆ ಬನ್ನಿ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹೋದ ದ್ರಾಕ್ಷಿಯಲ್ಲಿ ಯುರೋಪಿನ ಪ್ರಯೋಗಾಲಯಗಳು ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಕಂಡವು. ಅಲ್ಲಿನ ಮಿತಿ ಕಿಲೋಗ್ರಾಮಿಗೆ 0.05 ಮಿಲಿಗ್ರಾಂ, ಎಂದರೆ 2 ಕೋಟಿ ಭಾಗಗಳಲ್ಲಿ 1 ಭಾಗ. ಸರಕು ತಿರಸ್ಕೃತವಾಯಿತು, ರಫ್ತುದಾರರೂ ಬೆಳೆಗಾರರೂ ಭಾರಿ ನಷ್ಟ ಅನುಭವಿಸಿದರು. ಗ್ರೇಪ್‌ನೆಟ್ ಕೆಟ್ಟು ನಿಂತಿತ್ತೆ? ಇಲ್ಲ. ಅದು ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ಪರೀಕ್ಷಿಸಬೇಕಾದ ರಾಸಾಯನಿಕಗಳ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ.

ಇಲ್ಲಿ ಸ್ವಲ್ಪ ರಸಾಯನ ವಿಜ್ಞಾನ ಬೇಕು. ಕ್ಲೋರ್‌ಮೆಕ್ವಾಟ್ ಕೀಟನಾಶಕವಲ್ಲ, ಬೆಳವಣಿಗೆ ನಿಯಂತ್ರಕ. ಸಸ್ಯದಲ್ಲಿ ಜಿಬ್ಬರೆಲಿನ್ ಹಾರ್ಮೋನು ತಯಾರಾಗುವುದನ್ನು ಅದು ತಡೆಯುತ್ತದೆ. ಬಳ್ಳಿಯ ಓಟ ಕುಗ್ಗಿ, ಹಣ್ಣು ಬಿಡುವ ಮೊಗ್ಗುಗಳಿಗೆ ಅನುಕೂಲವಾಗುತ್ತದೆ. ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಒಮ್ಮೆ ಚಾಟಣಿ ಮಾಡುತ್ತಾರೆ. ಈ ನಿಯಂತ್ರಕದ ಸಿಂಪಡಣೆ ಮುಖ್ಯವಾಗಿ ಏಪ್ರಿಲ್ ಚಾಟಣಿಯ ನಂತರದ್ದು. ಹಣ್ಣು ಕೊಯ್ಯುವುದು ಮುಂದಿನ ವರ್ಷದ ಆರಂಭದಲ್ಲಿ. ಅಷ್ಟು ತಿಂಗಳು ಕಳೆದರೂ ಶೇಷ ಉಳಿದೀತೆಂದು ರೈತ ಹೇಗೆ ಊಹಿಸಬೇಕು? ಅವನನ್ನು ದೂರುವುದು ನ್ಯಾಯವಲ್ಲ.

ಪ್ರಯೋಗಾಲಯಕ್ಕೂ ಒಂದು ತೊಡಕಿತ್ತು. ಒಂದೇ ಸಲಕ್ಕೆ ಹತ್ತಾರು ಪೀಡೆನಾಶಕಗಳನ್ನು ಹುಡುಕುವ ವಿಧಾನದಲ್ಲಿ ಅರೆದ ಹಣ್ಣಿನಿಂದ ಶೇಷಗಳನ್ನು ಎಥೈಲ್ ಅಸಿಟೇಟ್‌ನಂತಹ ಸಾವಯವ ದ್ರಾವಕಕ್ಕೆ ಎಳೆದುಕೊಳ್ಳುತ್ತಾರೆ. ಕ್ಲೋರ್‌ಮೆಕ್ವಾಟ್ ವಿದ್ಯುದಂಶವಿರುವ ಅಯಾನು, ಉಪ್ಪಿನ ಜಾತಿಯದು, ನೀರಿನಲ್ಲೇ ಉಳಿದುಬಿಡುತ್ತದೆ. ಅಡುಗೆ ಎಣ್ಣೆ, ಉಪ್ಪುನೀರು ಎರಡನ್ನೂ ಸೀಸೆಯಲ್ಲಿ ಕುಲುಕಿ ತೋರಿಸಿದರೆ ತರಗತಿಯಲ್ಲಿ ಈ ಮಾತು ಕ್ಷಣದಲ್ಲಿ ಅರ್ಥವಾದೀತು. ಇಂಥ ಅಣುವಿಗೆ ಬೇರೆಯದೇ ವಿಧಾನ ಬೇಕು. ಬೇಕೆಂದು ಯಾರಾದರೂ ಹೇಳದ ಹೊರತು ಪ್ರಯೋಗಾಲಯ ಅದನ್ನು ನಡೆಸುವುದಿಲ್ಲ.

ನನ್ನ ಆಕ್ಷೇಪಣೆ ಇಲ್ಲಿಯದು. ಪೇರ್ ಮರಗಳಲ್ಲಿ ಈ ರಾಸಾಯನಿಕ, ಬಳಕೆ ನಿಲ್ಲಿಸಿದ ನಂತರವೂ ಹಣ್ಣಿನಲ್ಲಿ ಕಾಣಿಸಿಕೊಳ್ಳುತ್ತದೆಂಬುದು ಯುರೋಪಿನವರಿಗೆ 2010ಕ್ಕೆ ಮುನ್ನವೇ ತಿಳಿದಿತ್ತು. ನಮ್ಮ ತೋಟಗಳಲ್ಲಿ ಅದನ್ನು ಸಿಂಪಡಿಸುತ್ತಾರೆಂಬುದು ಇಲ್ಲಿ ಗುಟ್ಟಾಗಿರಲಿಲ್ಲ. ಎರಡೂ ಸಂಗತಿಗಳು ಲೋಕದಲ್ಲಿದ್ದವು, ಜಾಲದಲ್ಲಿ ಕೂಡಲಿಲ್ಲ. ಘಟನೆಯ ನಂತರ ಆ ಹೆಸರು ಪಟ್ಟಿಗೆ ಸೇರಿತು. ಪಟ್ಟಿಯನ್ನು ತಿದ್ದಿದರೆ ಸಾಕು, ಎಲ್ಲ ಪ್ರಯೋಗಾಲಯಗಳೂ ಅದನ್ನೇ ಅನುಸರಿಸುತ್ತವೆ. ಹಳೆಯ ಕಡತಗಳ ಕಾಲದಲ್ಲಿ ಇದು ಸುಲಭವಿರಲಿಲ್ಲ. ಹೊಂದಿಕೊಳ್ಳುವ ಗುಣ ಎಂದರೆ ಇದೇ ಎನ್ನುವವರ ಮಾತನ್ನು ಅರ್ಧ ಒಪ್ಪುತ್ತೇನೆ. ಆದರೆ ಪೆಟ್ಟು ಬಿದ್ದ ಮೇಲೆ ಬೇಗ ತಿದ್ದಿಕೊಳ್ಳುವುದು ಬೇರೆ, ಪೆಟ್ಟು ಬೀಳುವ ಮುನ್ನ ಅನುಮಾನಿಸುವುದು ಬೇರೆ. ಎರಡನೆಯದಕ್ಕೆ ಬೇಕಾದದ್ದು ರೈತನ ಸಿಂಪಡಣೆ ಪುಸ್ತಕವನ್ನು ಪಟ್ಟಿಯ ಪಕ್ಕದಲ್ಲಿಟ್ಟು ಓದುವ ತಜ್ಞ. ಆ ಪುಸ್ತಕವನ್ನು ತಪಾಸಣೆಯ ದಾಖಲೆ ಎಂದಷ್ಟೇ ನೋಡಿದರೆ ಅದರಲ್ಲಿರುವ ಎಚ್ಚರಿಕೆ ಯಾರಿಗೂ ಕಾಣದು.

ಇದೇ ಮಾದರಿ ಮುಂದೆ ದಾಳಿಂಬೆ, ಮಾವು, ತರಕಾರಿಗಳಿಗೂ ಹರಡಿ ಹಾರ್ಟಿನೆಟ್ ಆಯಿತು. ಎಲ್ಲವೂ ರಫ್ತಿಗಾಗಿಯೇ. ವಿಜಯಪುರದ ಸಂತೆಯಲ್ಲಿ ನೀವು ಕೊಳ್ಳುವ ಒಂದು ಕಿಲೋ ದ್ರಾಕ್ಷಿಗೆ ತೋಟದ ಸಂಖ್ಯೆ ಇರುವುದಿಲ್ಲ. ಶೇಷದ ಮಿತಿಗಳು ನಮ್ಮ ಕಾನೂನಿನಲ್ಲೂ ಇವೆ, ಆದರೆ ಮಿತಿ ಮೀರಿದ ಗೊಂಚಲನ್ನು ಬಳ್ಳಿಯವರೆಗೆ ಹಿಂಬಾಲಿಸಲು ದಾರಿ ಇಲ್ಲ. ಮುಂದಿನ ಬಾರಿ ಹಣ್ಣು ಕೊಂಡಾಗ ಮಾರುವವರನ್ನು ಅದು ಯಾವ ಊರಿನದೆಂದು ವಿದ್ಯಾರ್ಥಿಗಳು ಕೇಳಲಿ, ಬಂದ ಉತ್ತರವನ್ನು ತರಗತಿಯಲ್ಲಿ ಬರೆದಿಡಲಿ.