ಸ್ಟ್ರೈಕರ್‌ನ ಗಾಯ, ಅಭಿಮಾನಿಯ ತೀರ್ಪು

ಫುಟ್‌ಬಾಲ್ ಅಭಿಮಾನಿಗಳು ಸೇರಿದ ಕಡೆಯೆಲ್ಲ ಒಂದು ಚರ್ಚೆ ಎದ್ದೇ ಏಳುತ್ತದೆ. ಪದೇ ಪದೇ ಗಾಯಗೊಳ್ಳುವ ಸ್ಟ್ರೈಕರ್‌ನನ್ನು ಕಾಯಬೇಕೆ, ಮಾರಬೇಕೆ? ವಾಪಸ್ ಬಂದವನು ಮೊದಲಿನವನೇ ಆಗಿರುತ್ತಾನೆಯೆ? ಲಿವರ್‌ಪೂಲ್, ನ್ಯೂಕಾಸಲ್‌ಗಳ ಪಬ್ಬುಗಳಲ್ಲಿ ಇದು ಎಷ್ಟು ಕಾವೇರುತ್ತದೆಯೋ, ಶನಿವಾರ ರಾತ್ರಿ ಬೆಂಗಳೂರಿನಲ್ಲಿ ಟಿವಿ ಮುಂದೆ ಕೂತ ಗೆಳೆಯರ ನಡುವೆಯೂ ಅಷ್ಟೇ ಕಾವೇರುತ್ತದೆ. ಇದನ್ನು ಕಾಡುಹರಟೆ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ವಾರ ವಾರವೂ ಆಟ ನೋಡಿ ಕಣ್ಣು ಪಳಗಿದವರ ಮಾತಿಗೆ ತೂಕವಿದೆ. ಆದರೆ ಆಟದ ಬಗ್ಗೆ ಶುರುವಾದ ಮಾತು ಬಹಳ ಸಲ ಆಟಗಾರನ ಗುಣದ ಮೇಲಿನ ತೀರ್ಪಾಗಿ ಮುಗಿಯುತ್ತದೆ. ‘ಗಾಜಿನ ಕಾಲು’ ಎಂದು ಶುರುವಾಗಿ ‘ಅವನಿಗೆ ಮನಸ್ಸಿಲ್ಲ’ ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಈ ಚರ್ಚೆ ಕೆಡುವುದು ಅಲ್ಲೇ. ಮೈಕೆಲ್ ಓವನ್ ಮತ್ತು ಡೇನಿಯಲ್ ಸ್ಟರಿಡ್ಜ್, ಇಬ್ಬರೂ ಲಿವರ್‌ಪೂಲ್‌ಗೆ ಆಡಿದವರು. ಇವರಿಬ್ಬರ ಆಟದ ಬದುಕನ್ನು ಎದುರಿಗಿಟ್ಟುಕೊಂಡರೆ ಅದು ನಿಚ್ಚಳವಾಗಿ ಕಾಣುತ್ತದೆ.

1998ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ರಕ್ಷಣೆಯನ್ನು ಸೀಳಿಕೊಂಡು ಓಡಿ ಗೋಲು ಹೊಡೆದಾಗ ಓವನ್‌ಗೆ 18 ವರ್ಷ. ಮರುವರ್ಷ ಏಪ್ರಿಲ್‌ನಲ್ಲಿ ಲೀಡ್ಸ್ ವಿರುದ್ಧದ ಪಂದ್ಯದಲ್ಲಿ ಅವನ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು, ಹರಿಯಿತು. 2001ರಲ್ಲಿ ಬ್ಯಾಲನ್ ಡಿ’ಓರ್ ಗೆದ್ದನಾದರೂ ಆ ಕಾಲು ಮತ್ತೆಂದೂ ಮೊದಲಿನಂತೆ ಆಗಲಿಲ್ಲ. 2005ರಲ್ಲಿ ನ್ಯೂಕಾಸಲ್ ಅವನನ್ನು ಭಾರಿ ಬೆಲೆಗೆ ಕೊಂಡಿತು. ಅದೇ ವರ್ಷದ ಕೊನೆಯ ದಿನ ಪಾದದ ಮೂಳೆ ಮುರಿಯಿತು. ವಸಂತದ ಕೊನೆಗೆ ಚೇತರಿಸಿಕೊಂಡು 2006ರ ವಿಶ್ವಕಪ್‌ಗೆ ಹೋದ. ಕಲೋನ್‌ನಲ್ಲಿ ಸ್ವೀಡನ್ ವಿರುದ್ಧದ ಪಂದ್ಯ, ಇನ್ನೂ ಮೊದಲ ನಿಮಿಷ. ಯಾರೂ ಅವನನ್ನು ಮುಟ್ಟಲಿಲ್ಲ. ಸಾದಾ ಒಂದು ಪಾಸ್ ಕೊಟ್ಟ, ಬಲ ಮೊಣಕಾಲು ಹೊರಳಿತು, ನೆಲಕ್ಕೆ ಬಿದ್ದ. ಎದ್ದು ನಿಲ್ಲಲಾಗದೆ ಅಂಬೆಗಾಲಿಟ್ಟುಕೊಂಡು ಗೆರೆಯಾಚೆ ಹೋದ. ಮೊಣಕಾಲಿನ ಮುಖ್ಯ ಲಿಗಮೆಂಟ್ ಹರಿದಿತ್ತು.

ನ್ಯೂಕಾಸಲ್‌ನಲ್ಲಿ ನಾಲ್ಕು ಋತುಗಳಲ್ಲಿ ಓವನ್ ಆಡಿದ್ದು 71 ಲೀಗ್ ಪಂದ್ಯ, ಹೊಡೆದದ್ದು 26 ಗೋಲು. 2009ರಲ್ಲಿ ತಂಡ ಕೆಳಗಿನ ವಿಭಾಗಕ್ಕೆ ಜಾರಿತು, ಅವನು ಹೊರಟುಹೋದ. ದೇಶಕ್ಕಾಗಿ ಫಿಟ್ ಆಗುತ್ತಾನೆ, ನಮಗಾಗಿ ಆಗುವುದಿಲ್ಲ ಎಂಬ ಮಾತು ಅಲ್ಲಿ ಗಟ್ಟಿಯಾಯಿತು. ಆಡಿದ ದಿನಗಳಲ್ಲೂ ಅವನು ಹಿಂದಿನಂತೆ ಡಿಫೆಂಡರ್‌ಗಳ ಬೆನ್ನ ಹಿಂದೆ ಓಡುತ್ತಿರಲಿಲ್ಲ, ಚೆಂಡನ್ನು ಕಾಲಿಗೇ ಕೇಳುತ್ತಿದ್ದ. ನೋಡಿದವರು ಹಸಿವು ಹೋಗಿದೆ ಎಂದರು. ನಿವೃತ್ತನಾಗಿ ಕೆಲವು ವರ್ಷಗಳ ಮೇಲೆ ಓವನ್ ತಾನೇ ಹೇಳಿಕೊಂಡ: ಕೊನೆಯ ಆರೇಳು ವರ್ಷ ಪೂರ್ತಿ ವೇಗದಲ್ಲಿ ಓಡುವುದಕ್ಕೇ ಹೆದರುತ್ತಿದ್ದೆ, ಸ್ನಾಯು ಮತ್ತೆ ಹರಿಯುತ್ತದೆ ಎಂದು ಗೊತ್ತಿತ್ತು, ಹಾಗೆ ಆಡುವುದೇ ಅಸಹ್ಯವಾಗಿ ನಿವೃತ್ತಿಯ ದಿನವನ್ನೇ ಕಾಯುತ್ತಿದ್ದೆ ಎಂದು.

ಇಲ್ಲಿ ಅಭಿಮಾನಿಗಳ ಕಣ್ಣು ತಪ್ಪಿರಲಿಲ್ಲ. ಅವನು ಓಡುತ್ತಿಲ್ಲ ಎಂಬುದನ್ನು ಅವರು ಸರಿಯಾಗಿಯೇ ಕಂಡಿದ್ದರು. ತಪ್ಪಿದ್ದು ಕಾರಣ ಹೇಳುವಾಗ. ಕಂಡದ್ದಕ್ಕೂ ಊಹಿಸಿದ್ದಕ್ಕೂ ನಡುವಿನ ಅಂತರವನ್ನು ಅವರು ಗಮನಿಸಲೇ ಇಲ್ಲ. ಭಯವನ್ನು ಸೋಮಾರಿತನವೆಂದು ಓದಿದರು.

ಸ್ಟರಿಡ್ಜ್ ವಿಷಯದಲ್ಲಿ ಈ ತಪ್ಪು ಇನ್ನೂ ಬೆಳೆಯಿತು. 2013-14ರಲ್ಲಿ ಅವನು 21 ಲೀಗ್ ಗೋಲು ಹೊಡೆದ, ಜೊತೆಗಾರ ಲೂಯಿಸ್ ಸುವಾರೆಜ್ 31. ಲಿವರ್‌ಪೂಲ್ ಕೇವಲ ಎರಡು ಅಂಕಗಳಿಂದ ಪ್ರಶಸ್ತಿ ಕಳೆದುಕೊಂಡಿತು. ಆ ಬೇಸಿಗೆಯಲ್ಲಿ ಸುವಾರೆಜ್ ಬಾರ್ಸಿಲೋನಾಗೆ ಹೋದ. ಎಲ್ಲ ಭಾರ ಸ್ಟರಿಡ್ಜ್ ಮೇಲೆ ಬಿದ್ದ ಸೆಪ್ಟೆಂಬರ್‌ನಲ್ಲೇ ಇಂಗ್ಲೆಂಡ್ ತಂಡದ ಅಭ್ಯಾಸದಲ್ಲಿ ತೊಡೆಯ ಸ್ನಾಯು ಎಳೆದುಕೊಂಡಿತು. ಒಂದು ಗಾಯ ಮಾಗುವಷ್ಟರಲ್ಲಿ ಮತ್ತೊಂದು. ಅವನು ಲಿವರ್‌ಪೂಲ್ ಪರ ಮತ್ತೆ ಆಡಿದ್ದು ಜನವರಿ ಕೊನೆಯ ದಿನ. ಬದಲಿ ಆಟಗಾರನಾಗಿ ಇಳಿದು ಅಂದೇ ಗೋಲು ಹೊಡೆದ. ಮೇ ತಿಂಗಳಲ್ಲಿ ಸೊಂಟದ ಶಸ್ತ್ರಚಿಕಿತ್ಸೆ.

2015ರ ಕೊನೆಗೆ, ಹೊಸದಾಗಿ ಬಂದ ಕೋಚ್ ಯುರ್ಗನ್ ಕ್ಲಾಪ್ ಒಂದು ಮಾತು ಆಡಿದರು. ಬಹಳ ದಿನ ಹೊರಗಿದ್ದವನ ದೇಹ ಅಭ್ಯಾಸದ ತೀವ್ರತೆಗೆ ಒಗ್ಗುವಾಗ ಸಣ್ಣಪುಟ್ಟ ತೊಂದರೆ ಬರುತ್ತದೆ, ಗಂಭೀರ ನೋವು ಯಾವುದು ಬರೀ ನೋವು ಯಾವುದು ಎಂದು ಆಟಗಾರ ಕಲಿಯಬೇಕು ಎಂಬುದು ಅದರ ಸಾರ. ಮೊದಲರ್ಧ ಮರೆತುಹೋಯಿತು. ಎರಡನೆಯ ಅರ್ಧ ಮಾತ್ರ ಅಭಿಮಾನಿಗಳ ಬಾಯಲ್ಲಿ ಉಳಿದು, ಸ್ಟರಿಡ್ಜ್ ನೋವು ತಾಳದವನು ಎನ್ನುವುದಕ್ಕೆ ಪ್ರಮಾಣಪತ್ರವಾಯಿತು. ಡಿಸೆಂಬರ್ ಆರಂಭದಲ್ಲಿ ಸೌತಾಂಪ್ಟನ್ ವಿರುದ್ಧ ಎರಡು ಗೋಲು ಹೊಡೆದವನಿಗೆ ಕೆಲವೇ ದಿನಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಕೈಕೊಟ್ಟಾಗಲೂ ಆ ಪ್ರಮಾಣಪತ್ರವನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅದೇ ಋತುವಿನ ಕೊನೆಗೆ, 2016ರ ಮೇ 18ರಂದು, ಬಾಸೆಲ್‌ನಲ್ಲಿ ಯುರೋಪಾ ಲೀಗ್ ಫೈನಲ್. ಪೆನಾಲ್ಟಿ ಆವರಣದೊಳಗೆ ಎಡಕ್ಕೆ ಚೆಂಡು ಸಿಕ್ಕಿದಾಗ ಸ್ಟರಿಡ್ಜ್ ಅದನ್ನು ಎಡಗಾಲಿನ ಹೊರಬದಿಯಿಂದ ಹೊಡೆದ. ಹೊರಗೆ ಹೋಯಿತು ಎನ್ನಿಸಿದ ಚೆಂಡು ಕೊನೆಯಲ್ಲಿ ಒಳಕ್ಕೆ ಬಾಗಿ ದೂರದ ಮೂಲೆಯಲ್ಲಿ ಬಲೆ ಸೇರಿತು. ಪಂದ್ಯವನ್ನು ಸೆವಿಯಾ 3-1ರಿಂದ ಗೆದ್ದಿತು. ಆ ಗೋಲು ಮಾತ್ರ ಗೋಲು ಹೊಡೆಯುವ ಕಲೆ ಬಲ್ಲವರು ಇಂದಿಗೂ ತೋರಿಸಿ ಮಾತಾಡುವಂಥದ್ದು. ಇಂಥ ಹೊಡೆತಕ್ಕೆ ಕಾದವರ ತಾಳ್ಮೆ ವ್ಯರ್ಥವಲ್ಲ ಎಂದೇ ನನ್ನ ನಂಬಿಕೆ.

ಈ ಚರ್ಚೆಗೆ ಸಲ್ಲಬೇಕಾದ ಮನ್ನಣೆಯೂ ಇದೆ. 2014ರ ಗಾಯದ ನಂತರ ಲಿವರ್‌ಪೂಲ್‌ನ ಆಗಿನ ಕೋಚ್ ಬ್ರೆಂಡನ್ ರಾಜರ್ಸ್, ವೇಗದ ಆಟಗಾರನಿಗೆ ಪಂದ್ಯದ ಬಳಿಕ ಎರಡು ದಿನ ವಿಶ್ರಾಂತಿ ಬೇಕು, ಇಂಗ್ಲೆಂಡ್ ಕೊಡಲಿಲ್ಲ ಎಂದು ದೂರಿದರು. ಇಂಗ್ಲೆಂಡ್ ಕೋಚ್ ರಾಯ್ ಹಾಡ್ಜ್‌ಸನ್ ಒಪ್ಪಲಿಲ್ಲ. ಅಭಿಮಾನಿಗಳು ಆ ಜಗಳ ಹಿಡಿದುಕೊಂಡು ವಿಶ್ರಾಂತಿ, ಅಭ್ಯಾಸದ ಹೊರೆ, ಪಂದ್ಯಗಳ ದಟ್ಟಣೆ ಎಲ್ಲವನ್ನೂ ಚರ್ಚಿಸಿದರು. ಓವನ್ ದೇಶಕ್ಕಾಗಿ ಆಡಿ ಮೊಣಕಾಲು ಕಳೆದುಕೊಂಡಾಗ, ನಷ್ಟ ತುಂಬುವವರು ಯಾರು ಎಂದು ನ್ಯೂಕಾಸಲ್ ಜನ ಕೇಳಿದ್ದೂ ನ್ಯಾಯವಾದ ಪ್ರಶ್ನೆ. ದೇಶದ ಪರ ಆಡುವಾಗ ಗಾಯಗೊಂಡವರ ಕ್ಲಬ್‌ಗಳಿಗೆ ಪರಿಹಾರ ಕೊಡುವ ಯೋಜನೆಯನ್ನು ಫಿಫಾ 2012ರಲ್ಲಿ ಜಾರಿಗೆ ತಂದಿತು. ಯಾರ ಕೈಯಲ್ಲಿ ಅಧಿಕಾರವಿದೆಯೋ ಅವರನ್ನು ಪ್ರಶ್ನಿಸಿದಾಗ ಈ ಚರ್ಚೆಯ ಗುಣಮಟ್ಟವೇ ಬೇರೆ.

ವೈದ್ಯಕೀಯ ಲೆಕ್ಕವೂ ಅತ್ತಲೇ ಬೊಟ್ಟು ಮಾಡುತ್ತದೆ. ಯುರೋಪಿನ ದೊಡ್ಡ ಕ್ಲಬ್‌ಗಳ ಗಾಯಗಳನ್ನು 2001ರಿಂದ ದಾಖಲಿಸುತ್ತಿರುವ ಅಧ್ಯಯನದ ಪ್ರಕಾರ, ಒಟ್ಟು ಗಾಯಗಳಲ್ಲಿ ಹ್ಯಾಮ್‌ಸ್ಟ್ರಿಂಗ್‌ನ ಪಾಲು ಮೊದಲ ಋತುವಿನಲ್ಲಿ ಶೇ. 12 ಇದ್ದದ್ದು 2021-22ಕ್ಕೆ ಶೇ. 24 ಆಯಿತು. ಈ ಗಾಯಗಳಲ್ಲಿ ಶೇ. 18ರಷ್ಟು ಮರುಕಳಿಸಿದಂಥವು. ಹೆಚ್ಚಿನವು ಮರಳಿ ಬಂದ ಎರಡು ತಿಂಗಳೊಳಗೇ ಆದವು. ಪೂರ್ತಿ ವೇಗದಲ್ಲಿ ಓಡುವಾಗ, ಪಾದ ನೆಲ ಮುಟ್ಟುವ ಮೊದಲು, ಈ ಸ್ನಾಯು ಹಿಗ್ಗುತ್ತಲೇ ಮುಂದೆ ಚಿಮ್ಮಿದ ಕಾಲನ್ನು ಹಿಡಿದು ನಿಲ್ಲಿಸಬೇಕು. ಒಮ್ಮೆ ಹರಿದದ್ದು ಮತ್ತೆ ಹರಿಯುವ ಸಂಭವ ಹೆಚ್ಚು. ವೇಗವನ್ನೇ ನಂಬಿ ಆಡುವ ಸ್ಟ್ರೈಕರ್‌ಗೆ ಇದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಮನೋಬಲದಿಂದ ಇದು ಬದಲಾಗುವುದಿಲ್ಲ.

ಗಾಯಾಳುವನ್ನು ಹಳಿಯುವವರು ಎತ್ತಿಹಿಡಿಯುವ ಆದರ್ಶ ಒಂದಿದೆ, ನೋವು ನುಂಗಿ ಆಡುವ ವೀರ. ಅರ್ಜೆಂಟೀನಾದ ಸ್ಟ್ರೈಕರ್ ಗ್ಯಾಬ್ರಿಯೆಲ್ ಬಟಿಸ್ಟುಟಾ ಅಂಥವನೇ. 2005ರಲ್ಲಿ ನಿವೃತ್ತನಾದ ಮೇಲೆ ಅವನ ಕಣಕಾಲುಗಳ ನೋವು ಎಷ್ಟಿತ್ತೆಂದರೆ, ಕಾಲು ಕತ್ತರಿಸಿಬಿಡಿ ಎಂದು ವೈದ್ಯರನ್ನು ಬೇಡಿಕೊಂಡದ್ದನ್ನು ಅವನೇ ಹೇಳಿದ್ದಾನೆ. ಮೂರು ಸಲ ಬ್ಯಾಲನ್ ಡಿ’ಓರ್ ಗೆದ್ದ ಮಾರ್ಕೊ ವಾನ್ ಬಾಸ್ಟನ್‌ಗೆ ಕಣಕಾಲಿನ ಕಾರಣಕ್ಕೆ 28ನೆಯ ವಯಸ್ಸಿನ ನಂತರ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಗ್ಯಾಲರಿಯ ಚಪ್ಪಾಳೆಗೆ ಇವರು ತೆತ್ತ ಬೆಲೆ ಇದು.

ಗಾಯ ಗೆದ್ದು ಬಂದವನೆಂದರೆ ಬ್ರೆಜಿಲ್‌ನ ರೊನಾಲ್ಡೊ ಎಂದು ಎಲ್ಲರೂ ಹೇಳುತ್ತಾರೆ. ಅವನ ಉದಾಹರಣೆ ಹೇಳುವುದು ಬೇರೆಯದನ್ನು. 1999ರ ನವೆಂಬರ್‌ನಲ್ಲಿ ಮೊಣಕಾಲಿಗೆ ಪೆಟ್ಟಾಯಿತು. ಐದು ತಿಂಗಳಿಗೇ ಮರಳಿದ. ರೋಮ್‌ನಲ್ಲಿ ಲಾಜಿಯೊ ವಿರುದ್ಧ ಅಂಗಣಕ್ಕಿಳಿದ ಕೆಲವೇ ನಿಮಿಷಗಳಲ್ಲಿ ಅದೇ ಮೊಣಕಾಲು ಕುಸಿಯಿತು. ಆಮೇಲೆ 2000-01ರ ಇಡೀ ಋತು ಅವನು ಆಡಲಿಲ್ಲ. 2002ರ ವಿಶ್ವಕಪ್‌ನಲ್ಲಿ ಎಂಟು ಗೋಲು ಹೊಡೆದ, ಫೈನಲ್‌ನ ಎರಡೂ ಅವನವೇ. ಕಾಯುವ ಧೈರ್ಯವಿದ್ದಾಗ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಮುಂದೆ ಅವನ ತೂಕವನ್ನು ಹಾಸ್ಯ ಮಾಡಿದವರಿಗೆ 2011ರ ನಿವೃತ್ತಿಯ ದಿನ ತಿಳಿದದ್ದು, ಅವನಿಗೆ ಥೈರಾಯ್ಡ್ ಸಮಸ್ಯೆ ಇತ್ತು ಎಂದು.

ಆದ್ದರಿಂದ ನನ್ನ ವಾದ ಇಷ್ಟು. ಈ ಆಟಗಾರನನ್ನು ನೆಚ್ಚಿ ಇಡೀ ಋತುವಿನ ಯೋಜನೆ ಹಾಕಬಹುದೆ, ಅವನ ಬದಲಿಗೆ ಯಾರಿದ್ದಾರೆ, ಅವನನ್ನು ಅವಸರದಿಂದ ಇಳಿಸಿದವರು ಯಾರು ಎಂದು ಅಭಿಮಾನಿ ಖಂಡಿತ ಕೇಳಲಿ. ದುಡ್ಡು ಕೊಟ್ಟು, ರಾತ್ರಿ ನಿದ್ದೆಗೆಟ್ಟು ಆಟ ನೋಡುವವನಿಗೆ ಆ ಹಕ್ಕಿದೆ. ಓಟ ಕುಂದಿದೆ ಎಂದು ಕಂಡರೆ ಹಾಗೆಂದು ಹೇಳಲಿ. ಆದರೆ ಇನ್ನೊಬ್ಬನ ಸ್ನಾಯುವಿನೊಳಗಿನ ನೋವು ದಿಟವೋ ನೆವವೋ ಎಂದು ಗ್ಯಾಲರಿಯಲ್ಲಿ ಕೂತು ತೀರ್ಮಾನಿಸುವ ಅಧಿಕಾರ ಯಾರಿಗೂ ಇಲ್ಲ. ಕ್ಲಬ್ಬಿನ ಆತುರಕ್ಕೆ, ಪಂದ್ಯಪಟ್ಟಿಯ ದುರಾಸೆಗೆ ಸಲ್ಲಬೇಕಾದ ಸಿಟ್ಟನ್ನು ಆಟಗಾರನ ಮೇಲೆ ತೀರಿಸಿಕೊಂಡಷ್ಟು ದಿನವೂ ಆತುರ ಮಾಡಿದವರು ಪ್ರಶ್ನೆಯೇ ಇಲ್ಲದೆ ಪಾರಾಗುತ್ತಾರೆ. ಮುಂದಿನ ಹುಡುಗನ ಕಾಲೂ ಅದೇ ಆತುರಕ್ಕೆ ಬಲಿಯಾಗುತ್ತದೆ.