ಯಾಕೋಬನ ಕನ್ನಡಿ

ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆ ಚಿಕ್ಕದು. 5 ಅಧ್ಯಾಯ, 108 ವಚನ. ಬರವಣಿಗೆಯಾಗಿ ನೋಡಿದರೆ ಕೊರತೆಗಳೂ ಇವೆ. ಒಂದು ವಿಷಯ ಮುಗಿಯುವ ಮೊದಲೇ ಇನ್ನೊಂದಕ್ಕೆ ಹೋಗುತ್ತದೆ. ಯೇಸುವಿನ ಹೆಸರು ಬರುವುದು ಎರಡೇ ಸಲ. ಶಿಲುಬೆಯ ಮಾತೇ ಇಲ್ಲ. 1522ರಲ್ಲಿ ಜರ್ಮನ್ ಹೊಸ ಒಡಂಬಡಿಕೆಗೆ ಮುನ್ನುಡಿ ಬರೆದ ಮಾರ್ಟಿನ್ ಲೂಥರ್ ಇದನ್ನು ಒಣಹುಲ್ಲಿಗೆ ಹೋಲಿಸಿದ. ನಂಬಿಕೆಯೊಂದರಿಂದಲೇ ರಕ್ಷಣೆ ಎಂದವನಿಗೆ, ನಡತೆಯಲ್ಲಿ ಕಾಣದ ನಂಬಿಕೆಗೆ ಜೀವವಿಲ್ಲ ಎನ್ನುವ ಪತ್ರಿಕೆ ಒಗ್ಗಲಿಲ್ಲ.

ಲೂಥರನ ಎಚ್ಚರಿಕೆ ಸುಳ್ಳಲ್ಲ. ಒಳ್ಳೆಯ ಕೆಲಸಗಳನ್ನು ಎಣಿಸಿಟ್ಟು ದೇವರಿಗೆ ಲೆಕ್ಕ ಒಪ್ಪಿಸುವವರನ್ನು ನಾನೂ ಕಂಡಿದ್ದೇನೆ. ಆದರೆ ಪತ್ರಿಕೆ ನನ್ನನ್ನು ಕೇಳಿದ್ದು ಬೇರೆ ಲೆಕ್ಕ.

ಮೊದಲ ಅಧ್ಯಾಯದಲ್ಲಿ ಕನ್ನಡಿಯ ಹೋಲಿಕೆ ಬರುತ್ತದೆ. ವಾಕ್ಯ ಕೇಳಿ ಅದರಂತೆ ನಡೆಯದವನು, ಮುಖ ನೋಡಿಕೊಂಡು ಹೋಗಿ ತನ್ನ ರೂಪವನ್ನೇ ಮರೆತವನಂತೆ. ಸಂಡೇ ಸ್ಕೂಲಿನಲ್ಲಿ ಇದನ್ನು ಎಷ್ಟು ವರ್ಷ ಹೇಳಿದೆನೋ! ಪ್ರತಿಸಲವೂ ಕನ್ನಡಿ ಮಕ್ಕಳ ಕಡೆಗೇ ಇತ್ತು.

ಕಮಲಾಪುರದ ಕಡೆಯ ಹೆಣ್ಣುಮಗಳೊಬ್ಬಳು ನಮ್ಮ ಮನೆಯಲ್ಲಿ ಭಾಂಡೆ ತಿಕ್ಕುತ್ತಿದ್ದಳು. ಮಗನಿಗೆ ಜ್ವರವೆಂದು ಊರಿಗೆ ಹೋಗಿ ನಾಲ್ಕು ದಿನ ತಡವಾಗಿ ಬಂದಳು. ಶಿಸ್ತು ಕಲಿಯಲಿ ಎಂದು ನಾಲ್ಕು ದಿನದ ಪಗಾರ ಹಿಡಿದೆ. ಮುಂದಿನ ತಿಂಗಳು ಆಕೆ ಕೆಲಸ ಬಿಟ್ಟಳು. ಅದೇ ವಾರ ಮಕ್ಕಳಿಗೆ ಐದನೆಯ ಅಧ್ಯಾಯ ಓದಿಸಿದೆ. ಹೊಲ ಕೊಯ್ದವರ ಕೂಲಿ ತಡೆಹಿಡಿದರೆ ಆ ಕೂಲಿಯೇ ಕೂಗುತ್ತದೆ ಎನ್ನುವ ಭಾಗ ಅದು. ನಮ್ಮ ಸೀಮೆಯ ಜಮೀನುದಾರರನ್ನು ಉದಾಹರಣೆ ಕೊಟ್ಟು ಚೆನ್ನಾಗಿಯೇ ವಿವರಿಸಿದೆ.

ವರ್ಷದ ಮೇಲೆ ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಯಾರೋ ಕೂಗಿದರು: "ಅಕ್ಕೋರ, ಕಮಲಾಪುರದ ಬಾಳೆಹಣ್ಣು, ಛಲೋ ಅವ, ತಗೋರಿ." ಆಕೆಯೇ. ಬುಟ್ಟಿ ತುಂಬ ಆ ಊರಿನ ಹೆಸರಾದ ಕೆಂಪು ಬಾಳೆ.

"ಮಗ ಹ್ಯಾಂಗಿದ್ದಾನವ್ವ?"

"ಆರಾಮ ಆಗ್ಯಾನ್ರಿ. ಸಾಲಿಗೆ ಹೋಗ್ತಾನ."

ಒಂದು ಡಜನ್ ಕೊಂಡೆ. ಮೇಲೊಂದು ಹಣ್ಣು ಇಟ್ಟು, "ಇದು ನಿಮಗರಿ" ಎಂದಳು. ಹಿಡಿದಿದ್ದ ಪಗಾರವನ್ನು ಹಣ್ಣಿನ ರೊಕ್ಕದೊಂದಿಗೆ ಕೊಟ್ಟು, ಯಾವುದೆಂದು ಹೇಳಿದೆ. ಆಕೆ ಸ್ವಲ್ಪ ಹೊತ್ತು ನನ್ನನ್ನು ನೋಡಿದಳು. ಬೇಡ ಎನ್ನಲಿಲ್ಲ. ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಮರೆತಿರಲಿಲ್ಲ.

ಆಮೇಲೆ ಪತ್ರಿಕೆಯನ್ನು ಮತ್ತೆ ಓದಿದೆ. ಜಿಗಿತಗಳೆಂದು ನಾನು ತಿಳಿದಿದ್ದವು ನಮ್ಮ ಬಾಳಿನ ಜಾಗಗಳೇ ಆಗಿದ್ದವು: ಸಭೆಯಲ್ಲಿ ಉಂಗುರ ತೊಟ್ಟವನಿಗೆ ಕೊಡುವ ಕುರ್ಚಿ, ಬಟ್ಟೆಯಿಲ್ಲದವನಿಗೆ ಹೇಳುವ ಬರಿಯ ಶುಭಮಾತು, ನಾಲಿಗೆ, ಕೂಲಿ. ಯಾಕೋಬ ಸಿದ್ಧಾಂತ ಕಟ್ಟುವುದಿಲ್ಲ, ಮನೆಯ ತಪಾಸಣೆಗೆ ಬರುತ್ತಾನೆ. ಕಮಲಾಪುರ ದಾಟಿ ಹುಮನಾಬಾದಿನ ಮೇಲೆ ಹೋದರೆ ಬಸವಕಲ್ಯಾಣ. ನುಡಿದಂತೆ ನಡೆಯಿರೆಂದು 12ನೆಯ ಶತಮಾನದ ಶರಣರು ಕೇಳಿದ ಸೀಮೆಯಿದು. ಇಲ್ಲಿಯವರಿಗೆ ಯಾಕೋಬ ಪರಕೀಯನಲ್ಲ.

ಬೋಧಕರಾಗಲು ಬಹಳ ಜನ ಮುಂದಾಗಬೇಡಿ, ನಮಗೆ ತೀರ್ಪು ಹೆಚ್ಚು ಕಠಿಣ ಎಂಬ ಅರ್ಥದ ಮಾತು ಮೂರನೆಯ ಅಧ್ಯಾಯದ ಮೊದಲಿಗೇ ಇದೆ. ಇಷ್ಟು ವರ್ಷ ಅದನ್ನು ನಾನು ಬೇಗಬೇಗ ಓದಿ ಮುಂದೆ ಹೋಗುತ್ತಿದ್ದೆ. ಈಗ ಮಕ್ಕಳ ಮುಂದೆ ನಿಧಾನವಾಗಿ ಓದುತ್ತೇನೆ.